ವಾಕ್ಯಗಳ ನಡುವಣ ತೆರಪು

ವಾಕ್ಯಗಳ ನಡುವಣ ತೆರಪು ಎಂಬುದು ಮುದ್ರಿತ ಅಥವಾ ಬೆರಳಚ್ಚಾದ ಬರಹದಲ್ಲಿ ಒಂದು ವಾಕ್ಯ ಮುಗಿದು ಮುಂದಿನ ವಾಕ್ಯ ಆರಂಭವಾಗುವ ಎಡೆಯಲ್ಲಿ ಬಿಡುವ ಖಾಲಿ ಸ್ಥಳವಾಗಿದೆ. ಇಂಗ್ಲಿಷ್ ಬರಹದಲ್ಲಿ ಈ ತೆರಪು ಪದಗಳ ನಡುವಣ ತೆರಪಿನಷ್ಟೇ ಇರಬೇಕೇ (ಒಂಟಿ ತೆರಪು) ಅಥವಾ ಅದರ ಎರಡರಷ್ಟಿರಬೇಕೇ (ಜೋಡಿ ತೆರಪು) ಎಂಬುದು ದೀರ್ಘಕಾಲದಿಂದ ಚರ್ಚೆಯಲ್ಲಿರುವ ವಿಷಯ. ಇಂದಿನ ಪ್ರಮುಖ ಶೈಲಿ ಕೈಪಿಡಿಗಳು ಒಂಟಿ ತೆರಪನ್ನು ಸೂಚಿಸುತ್ತವೆ. ಜೋಡಿ ತೆರಪು ಬೆರಳಚ್ಚು ಯಂತ್ರದಿಂದ ಹುಟ್ಟಿದ ರೂಢಿ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಆದರೆ ವಾಕ್ಯಗಳ ನಡುವೆ ಹೆಚ್ಚು ಅಗಲದ ತೆರಪು ಬಿಡುವ ಪದ್ಧತಿ ಆ ಯಂತ್ರಕ್ಕಿಂತ ಹಳೆಯದು.

ಹಿನ್ನೆಲೆ

ಪ್ರಾಚೀನ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ತೆರಪು ಬಿಡದೆ ಅಕ್ಷರಗಳನ್ನು ಒತ್ತೊತ್ತಾಗಿ ಬರೆಯುವ ರೂಢಿ ವ್ಯಾಪಕವಾಗಿತ್ತು. ಪದ ಎಲ್ಲಿ ಮುಗಿಯಿತು, ವಾಕ್ಯ ಎಲ್ಲಿ ಮುಗಿಯಿತು ಎಂಬುದನ್ನು ಓದುಗನೇ ನಿರ್ಧರಿಸಿಕೊಳ್ಳಬೇಕಾಗಿತ್ತು. ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಪದಗಳನ್ನು ಬಿಡಿಸಿ ಬರೆಯುವ ಕ್ರಮವನ್ನು ಬೆಳೆಸಿದರು. ಲ್ಯಾಟಿನ್ ಅವರ ಮಾತೃಭಾಷೆಯಾಗಿರಲಿಲ್ಲವಾದ್ದರಿಂದ ಓದಿಗೆ ಇಂತಹ ನೆರವು ಅಗತ್ಯವಾಗಿತ್ತು. ಹದಿನೈದನೆಯ ಶತಮಾನದ ನಡುವಿನಲ್ಲಿ ಯುರೋಪಿನಲ್ಲಿ ಮುದ್ರಣ ಆರಂಭವಾಗುವ ವೇಳೆಗೆ ಪದಗಳ ನಡುವಣ ತೆರಪು ನೆಲೆಗೊಂಡಿತ್ತು.

ಅಚ್ಚುಮೊಳೆಯ ಕಾಲ

ಲೋಹದ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ತೆರಪೂ ಒಂದು ಲೋಹದ ತುಂಡೇ ಆಗಿತ್ತು. ಅಕ್ಷರದ ಮೊಳೆಗಿಂತ ಎತ್ತರ ಕಡಿಮೆಯಿದ್ದುದರಿಂದ ಅದಕ್ಕೆ ಶಾಯಿ ತಗಲುತ್ತಿರಲಿಲ್ಲ. ಇವುಗಳ ಅಗಲವನ್ನು ‘ಎಮ್’ ಎಂಬ ಮಾನದಿಂದ ಅಳೆಯುತ್ತಿದ್ದರು. ಒಂದು ಎಮ್ ಎಂದರೆ ಅಕ್ಷರದ ಗಾತ್ರದಷ್ಟೇ ಅಗಲ. 12 ಪಾಯಿಂಟ್ ಗಾತ್ರದ ಅಕ್ಷರದಲ್ಲಿ ಎಮ್ 12 ಪಾಯಿಂಟ್, ಅದರ ಅರ್ಧವಾದ ‘ಎನ್’ 6 ಪಾಯಿಂಟ್, ಮೂರನೆಯ ಒಂದು ಭಾಗ 4 ಪಾಯಿಂಟ್ ಇರುತ್ತದೆ.

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಇಂಗ್ಲಿಷ್ ಮುದ್ರಣದಲ್ಲಿ ವಾಕ್ಯಗಳ ನಡುವೆ ಪದಗಳ ನಡುವಿನದಕ್ಕಿಂತ ಹೆಚ್ಚು ತೆರಪು ಬಿಡುವುದು ಸಾಮಾನ್ಯವಾಗಿತ್ತು. 1906ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯ ಮುದ್ರಣಾಲಯದ ಶೈಲಿ ಕೈಪಿಡಿಯು ಪದಗಳ ನಡುವೆ ಎಮ್‌ನ ಮೂರನೆಯ ಒಂದು ಭಾಗವನ್ನೂ ಅರ್ಧವಿರಾಮದ ನಂತರ ಒಂದು ಎನ್ ಅನ್ನೂ ವಾಕ್ಯದ ಕೊನೆಯಲ್ಲಿ ಒಂದು ಪೂರ್ಣ ಎಮ್ ಅನ್ನೂ ವಿಧಿಸಿತ್ತು. ಅಂದರೆ ವಾಕ್ಯಗಳ ನಡುವಣ ತೆರಪು ಪದಗಳ ನಡುವಿನದರ ಮೂರರಷ್ಟಿತ್ತು. ವಿರಾಮ ದೀರ್ಘವಾದಂತೆ ತೆರಪೂ ಅಗಲವಾಗಬೇಕು ಎಂಬುದು ಈ ಕ್ರಮದ ಹಿಂದಿನ ತತ್ತ್ವ.

ಫ್ರಾನ್ಸಿನ ಮುದ್ರಕರು ಪದಗಳ ನಡುವೆಯೂ ವಾಕ್ಯಗಳ ನಡುವೆಯೂ ಸಮಾನ ತೆರಪು ಬಿಡುವ ಕ್ರಮವನ್ನು ಅನುಸರಿಸಿದರು. ಇಂಗ್ಲಿಷಿನಲ್ಲಿ ಒಂಟಿ ತೆರಪಿಗೆ ‘ಫ್ರೆಂಚ್ ಸ್ಪೇಸಿಂಗ್’ ಎಂಬ ಹೆಸರು ಬಂದುದು ಇದರಿಂದ. ಮುಂದೆ ಇದೇ ಹೆಸರನ್ನು ಕೆಲವರು ಜೋಡಿ ತೆರಪಿಗೂ ಬಳಸಿದ್ದರಿಂದ ಗೊಂದಲ ಉಂಟಾಗಿದೆ.

ಬೆರಳಚ್ಚು ಯಂತ್ರ

ಷೋಲ್ಸ್ ಮತ್ತು ಗ್ಲಿಡನ್ ಬೆರಳಚ್ಚು ಯಂತ್ರವು 1874ರಲ್ಲಿ ಮಾರುಕಟ್ಟೆಗೆ ಬಂದಿತು. ಸಾಮಾನ್ಯ ಬೆರಳಚ್ಚು ಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಕಿರಿದಾದ ‘ಐ’ ಅಕ್ಷರಕ್ಕೂ ಅಗಲವಾದ ‘ಎಮ್’ ಅಕ್ಷರಕ್ಕೂ ಪೂರ್ಣವಿರಾಮದ ಚುಕ್ಕೆಗೂ ಸಮಾನ ಸ್ಥಳ ದೊರೆಯುತ್ತಿತ್ತು. ಎಮ್, ಎನ್ ಮುಂತಾದ ಬೇರೆ ಬೇರೆ ಅಳತೆಯ ತೆರಪುಗಳು ಅದರಲ್ಲಿ ಇರಲಿಲ್ಲ. ಹಾಗಾಗಿ ಪುಸ್ತಕದ ಪುಟದಲ್ಲಿದ್ದ ಅಗಲವಾದ ತೆರಪನ್ನು ಅನುಕರಿಸಲು ತೆರಪಿನ ಪಟ್ಟಿಯನ್ನು ಎರಡು ಬಾರಿ ಒತ್ತುವುದೊಂದೇ ಮಾರ್ಗವಾಗಿತ್ತು. ಬೆರಳಚ್ಚು ಪಠ್ಯಪುಸ್ತಕಗಳು ಇದನ್ನೇ ನಿಯಮವಾಗಿ ಕಲಿಸಿದವು. ಭಾರತದ ಇಂಗ್ಲಿಷ್ ಬೆರಳಚ್ಚು ತರಗತಿಗಳಲ್ಲಿಯೂ ಅಲ್ಪವಿರಾಮದ ನಂತರ ಒಂದು, ಪೂರ್ಣವಿರಾಮದ ನಂತರ ಎರಡು ಎಂಬ ಪಾಠವಿತ್ತು. ಬೆರಳಿಗೆ ಹತ್ತಿದ ಈ ಅಭ್ಯಾಸ, ಯಂತ್ರ ಮರೆಯಾದ ಬಳಿಕವೂ ಅದನ್ನು ಕಲಿತ ತಲೆಮಾರಿನಲ್ಲಿ ಉಳಿದುಕೊಂಡಿದೆ.

ಒಂಟಿ ತೆರಪಿನತ್ತ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೈನೋಟೈಪ್ ಮತ್ತು ಮಾನೋಟೈಪ್ ಯಂತ್ರಗಳು ಮೊಳೆ ಜೋಡಣೆಯನ್ನು ಯಾಂತ್ರಿಕಗೊಳಿಸಿದವು. ತೆರಪಿನ ಸೂಕ್ಷ್ಮ ಭೇದಗಳನ್ನು ಕೈಬಿಟ್ಟರೆ ಕೆಲಸ ವೇಗವಾಗಿ ಸಾಗುತ್ತಿತ್ತು, ಕಾಗದವೂ ಉಳಿಯುತ್ತಿತ್ತು. ಇದರ ಜೊತೆಗೆ ಅಭಿರುಚಿಯೂ ಬದಲಾಯಿತು. ಅಗಲವಾದ ತೆರಪುಗಳು ಸಾಲಿನಿಂದ ಸಾಲಿಗೆ ಒಂದರ ಕೆಳಗೊಂದು ಬಂದಾಗ ಪುಟದಲ್ಲಿ ಬಿಳಿಯ ಹೊಳೆ ಹರಿದಂತೆ ಕಾಣುತ್ತದೆ ಎಂದು ವಿನ್ಯಾಸಕಾರರು ಆಕ್ಷೇಪಿಸಿದರು. 1947ರಲ್ಲಿ ಪೆಂಗ್ವಿನ್ ಪ್ರಕಾಶನ ಸಂಸ್ಥೆಗಾಗಿ ಯಾನ್ ಚಿಹೋಲ್ಟ್ ರೂಪಿಸಿದ ನಿಯಮಗಳು ಒತ್ತಾದ ಜೋಡಣೆಗೆ ಪ್ರಾಶಸ್ತ್ಯ ನೀಡಿದವು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಪುಸ್ತಕ ಮತ್ತು ಪತ್ರಿಕೆಗಳಲ್ಲಿ ಒಂಟಿ ತೆರಪು ಸಾಮಾನ್ಯವಾಯಿತು. ಬೆರಳಚ್ಚು ತರಗತಿಯಲ್ಲಿ ಮಾತ್ರ ಹಳೆಯ ನಿಯಮ ಮುಂದುವರಿಯಿತು. ಹೀಗೆ ಮುದ್ರಣವನ್ನು ಅನುಕರಿಸಲು ಹುಟ್ಟಿದ ರೂಢಿಯನ್ನು ಮುದ್ರಣವೇ ತೊರೆದಂತಾಯಿತು.

ಗಣಕಯಂತ್ರದಲ್ಲಿ

ಅಂತರಜಾಲ ಪುಟಗಳ ಭಾಷೆಯಾದ ಎಚ್‌ಟಿಎಂಎಲ್, ಒಂದರ ಪಕ್ಕ ಒಂದಾಗಿ ಎಷ್ಟೇ ತೆರಪುಗಳಿದ್ದರೂ ಸಾಮಾನ್ಯವಾಗಿ ಅವನ್ನು ಒಂದಾಗಿಯೇ ತೋರಿಸುತ್ತದೆ. ಆದುದರಿಂದ ಬರೆದವರು ಎರಡು ತೆರಪು ಒತ್ತಿದ್ದರೂ ಓದುವವರಿಗೆ ಅದು ಕಾಣಿಸದು. ಡೊನಾಲ್ಡ್ ಕನೂತ್ ರೂಪಿಸಿದ ಟೆಕ್ ಎಂಬ ಅಕ್ಷರ ಜೋಡಣಾ ತಂತ್ರಾಂಶವೂ ಒತ್ತಿದ ತೆರಪುಗಳನ್ನು ಎಣಿಸುವುದಿಲ್ಲ. ಆದರೆ ವಾಕ್ಯ ಮುಗಿದೆಡೆ ತಾನಾಗಿಯೇ ತುಸು ಹೆಚ್ಚು ತೆರಪು ಬಿಡುತ್ತದೆ. ಬೇಡವಾದಲ್ಲಿ ಇದನ್ನು ಒಂದು ಆದೇಶದಿಂದ ನಿಲ್ಲಿಸಬಹುದು. ಈಮ್ಯಾಕ್ಸ್ ಎಂಬ ಸಂಪಾದನಾ ತಂತ್ರಾಂಶವು ಪೂರ್ವನಿಯೋಜಿತವಾಗಿ ಜೋಡಿ ತೆರಪನ್ನು ವಾಕ್ಯಾಂತ್ಯದ ಗುರುತಾಗಿ ಪರಿಗಣಿಸುತ್ತದೆ. ಮೈಕ್ರೋಸಾಫ್ಟ್ ವರ್ಡ್ 2020ರಿಂದ ಜೋಡಿ ತೆರಪನ್ನು ದೋಷವೆಂದು ಗುರುತಿಸಲಾರಂಭಿಸಿತು.

ಶೈಲಿ ಕೈಪಿಡಿಗಳ ನಿಲುವು

ಒಂದು ಕಾಲದಲ್ಲಿ ಎಮ್ ತೆರಪನ್ನು ವಿಧಿಸಿದ್ದ ಷಿಕಾಗೊ ಕೈಪಿಡಿಯೇ ಈಗ ಒಂಟಿ ತೆರಪನ್ನು ಸೂಚಿಸುತ್ತದೆ. ಅಮೆರಿಕದ ಮನೋವಿಜ್ಞಾನ ಸಂಘದ ಕೈಪಿಡಿಯು 2009ರ ಆರನೆಯ ಆವೃತ್ತಿಯಲ್ಲಿ ಕರಡು ಪ್ರತಿಗಳಿಗೆ ಜೋಡಿ ತೆರಪನ್ನು ಶಿಫಾರಸು ಮಾಡಿತ್ತು. 2019ರ ಏಳನೆಯ ಆವೃತ್ತಿಯಲ್ಲಿ ಅದೂ ಒಂಟಿ ತೆರಪಿಗೆ ಬದಲಾಯಿತು. ಹತ್ತು ವರ್ಷಗಳ ಅಂತರದಲ್ಲಿ ಒಂದೇ ಬಗೆಯ ಬರಹ ಒಮ್ಮೆ ಸರಿ, ಇನ್ನೊಮ್ಮೆ ತಪ್ಪು ಎನಿಸಿಕೊಂಡ ಈ ನಿದರ್ಶನ, ನಿಯಮವು ವ್ಯಾಕರಣಕ್ಕೆ ಸೇರಿದ್ದಲ್ಲ, ಕಾಲದ ಒಪ್ಪಂದಕ್ಕೆ ಸೇರಿದ್ದು ಎಂಬುದನ್ನು ಸ್ಪಷ್ಟಪಡಿಸುತ್ತದೆ.

ಓದಿನ ಮೇಲಿನ ಪರಿಣಾಮ

ಜೋಡಿ ತೆರಪು ವಾಕ್ಯದ ಗಡಿಯನ್ನು ಸ್ಪಷ್ಟಗೊಳಿಸುತ್ತದೆ ಎಂಬುದು ಅದರ ಸಮರ್ಥಕರ ಮುಖ್ಯ ವಾದ. ಇಂಗ್ಲಿಷಿನಲ್ಲಿ ‘ಡಾ.’ ಮೊದಲಾದ ಸಂಕ್ಷೇಪಗಳ ಮುಂದೆಯೂ ಚುಕ್ಕೆ ಬರಬಹುದು, ಅದರ ಮುಂದಿನ ಹೆಸರು ದೊಡ್ಡಕ್ಷರದಿಂದಲೇ ಆರಂಭವಾಗುತ್ತದೆ. ಅಲ್ಲಿ ವಾಕ್ಯ ಮುಗಿದಿಲ್ಲವೆಂಬುದನ್ನು ತೆರಪಿನ ಅಗಲ ತಿಳಿಸಬಲ್ಲದು. ಚುಕ್ಕೆ ಮತ್ತು ದೊಡ್ಡಕ್ಷರಗಳಷ್ಟೇ ಸಾಕು, ಹೆಚ್ಚುವರಿ ತೆರಪು ಕಣ್ಣಿನ ಓಟವನ್ನು ತಡೆಯುತ್ತದೆ ಎಂಬುದು ವಿರೋಧಿಗಳ ಉತ್ತರ.

ಅಮೆರಿಕದ ಸ್ಕಿಡ್‌ಮೋರ್ ಕಾಲೇಜಿನ ಸಂಶೋಧಕರು 60 ವಿದ್ಯಾರ್ಥಿಗಳ ಕಣ್ಣಿನ ಚಲನೆಯನ್ನು ದಾಖಲಿಸಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪೂರ್ಣವಿರಾಮದ ನಂತರದ ಜೋಡಿ ತೆರಪಿನಿಂದ ವಾಕ್ಯಾಂತ್ಯದಲ್ಲಿ ಕಣ್ಣಿಗೆ ಅಲ್ಪ ಅನುಕೂಲ ಕಂಡುಬಂದಿತು. ಓದಿನ ವೇಗ ತುಸು ಹೆಚ್ಚಿದ್ದು ಸ್ವತಃ ಜೋಡಿ ತೆರಪಿನ ಅಭ್ಯಾಸವಿದ್ದವರಲ್ಲಿ ಮಾತ್ರ. ಅರ್ಥಗ್ರಹಣದಲ್ಲಿ ವ್ಯತ್ಯಾಸವಾಗಲಿಲ್ಲ. ಪ್ರಯೋಗದಲ್ಲಿ ಬಳಸಿದ್ದು ಬೆರಳಚ್ಚು ಯಂತ್ರದಂತೆ ಸಮಾನ ಅಗಲದ ಅಕ್ಷರಗಳನ್ನು. ಆದುದರಿಂದ ಸಾಮಾನ್ಯ ಪುಸ್ತಕದ ಅಕ್ಷರಗಳಿಗೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು.

ಕನ್ನಡದಲ್ಲಿ

ಕನ್ನಡದ ಪ್ರಾಚೀನ ಶಾಸನಗಳಲ್ಲಿಯೂ ಓಲೆಗರಿಯ ಪ್ರತಿಗಳಲ್ಲಿಯೂ ಪದಗಳನ್ನು ಸಾಮಾನ್ಯವಾಗಿ ಬಿಡಿಸಿ ಬರೆಯುತ್ತಿರಲಿಲ್ಲ. ಪದ್ಯಾರ್ಧದ ಕೊನೆಗೆ ಒಂಟಿ ದಂಡ, ಪದ್ಯದ ಕೊನೆಗೆ ಜೋಡಿ ದಂಡ ಹಾಕುವ ಕ್ರಮವಿತ್ತು. ಪೂರ್ಣವಿರಾಮ, ಅಲ್ಪವಿರಾಮ ಮೊದಲಾದ ಇಂದಿನ ಲೇಖನ ಚಿಹ್ನೆಗಳು ಪಾಶ್ಚಾತ್ಯ ಪ್ರಭಾವದಿಂದ ಬಂದು ಮುದ್ರಣದೊಂದಿಗೆ ನೆಲೆನಿಂತವು.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹೊಸ ವಾಕ್ಯದ ಆರಂಭವನ್ನು ಅಕ್ಷರದ ರೂಪ ಸೂಚಿಸುವುದಿಲ್ಲ. ‘ದ. ರಾ. ಬೇಂದ್ರೆ’, ‘ಬಿ. ಎಂ. ಶ್ರೀಕಂಠಯ್ಯ’ ಎಂಬಂತಹ ಹೆಸರುಗಳಲ್ಲಿ ಚುಕ್ಕೆಯೂ ತೆರಪೂ ಇದ್ದರೂ ವಾಕ್ಯ ಮುಗಿದಿರುವುದಿಲ್ಲ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುವುದರಿಂದ ಮನುಷ್ಯ ಓದುಗನಿಗೆ ಇದು ತೊಡಕಾಗುವುದು ವಿರಳ. ಆದರೆ ಚುಕ್ಕೆ ಮತ್ತು ತೆರಪನ್ನಷ್ಟೇ ನೋಡಿ ವಾಕ್ಯಗಳನ್ನು ಬಿಡಿಸುವ ತಂತ್ರಾಂಶವು ಇಂತಹ ಹೆಸರನ್ನು ಎರಡು ಮೂರು ವಾಕ್ಯಗಳಾಗಿ ಒಡೆಯುವ ಸಾಧ್ಯತೆಯಿದೆ. ಹೆಸರು ಸಾಲಿನ ಕೊನೆಯಲ್ಲಿ ತುಂಡಾಗದಂತೆ ತಡೆಯಲು ಯೂನಿಕೋಡ್‌ನಲ್ಲಿರುವ ಮುರಿಯದ ತೆರಪನ್ನು ಬಳಸಬಹುದು.