ಹಂಚಿನ ಒಳಮೈಯ ಬರಹ: ಮಂಗಳೂರಿನ ಹಂಚಿನ ಕಾರ್ಖಾನೆಗಳು ಕೈಗೊಂಡ ನಿರ್ಧಾರಗಳು

ಉದ್ಯಮವೊಂದು ಕೈಗೊಳ್ಳುವ ನಿರ್ಧಾರಗಳೆಲ್ಲ ಒಂದೇ ತೂಕದವಲ್ಲ. ಈ ವಾರ ಎಷ್ಟು ಸೌದೆ ತರಿಸಬೇಕು, ಯಾವ ವ್ಯಾಪಾರಿಗೆ ಎಷ್ಟು ದಿನದ ಉದ್ದರಿ ಕೊಡಬೇಕು ಎಂಬಂಥವು ತಪ್ಪಿದರೂ ಮುಂದಿನ ವಾರ ತಿದ್ದಿಕೊಳ್ಳಬಹುದಾದವು. ಕಾರ್ಖಾನೆಯನ್ನು ಯಾವ ಹೊಳೆಯ ದಡದಲ್ಲಿ ಕಟ್ಟಬೇಕು, ಯಾವ ಸರಕನ್ನು ಯಾವ ಊರಿನ ಪೇಟೆಗಾಗಿ ಮಾಡಬೇಕು, ಹಳೆಯ ಗೂಡನ್ನು ಒಡೆದು ಹೊಸದನ್ನು ಕಟ್ಟಬೇಕೆ ಬೇಡವೆ ಎಂಬಂಥವು ಒಮ್ಮೆ ಕೈಗೊಂಡರೆ ಮಾಲೀಕನನ್ನು ಮಾತ್ರವಲ್ಲ, ಅವನ ಮಕ್ಕಳನ್ನೂ ಕಟ್ಟಿಹಾಕುವಂಥವು. ನಿರ್ವಹಣಾಶಾಸ್ತ್ರವು ಈ ಎರಡನೆಯ ಬಗೆಯದನ್ನು ಕಾರ್ಯತಂತ್ರದ ನಿರ್ಧಾರ ಎಂದು ಕರೆಯುತ್ತದೆ. ದೊಡ್ಡ ಕಂಪನಿಗಳಲ್ಲಿ ಇಂಥ ನಿರ್ಧಾರದ ಹಿಂದೆ ಸಭೆಯ ನಡಾವಳಿ, ವರದಿ, ಅಂದಾಜುಪಟ್ಟಿ ಇರುವುದರಿಂದ ಇತಿಹಾಸಕಾರನಿಗೆ ಕಾಗದದ ಆಧಾರ ಸಿಗುತ್ತದೆ. ಸಣ್ಣ ಮತ್ತು ಮಧ್ಯಮ ಉದ್ಯಮಗಳಲ್ಲಿ ಅದು ಊಟದ ಹೊತ್ತಿನಲ್ಲಿ ಅಣ್ಣತಮ್ಮಂದಿರ ನಡುವೆ ನಡೆದ ಮಾತಾಗಿ ಮುಗಿದುಹೋಗುತ್ತದೆ. ಆದ್ದರಿಂದ ಅವುಗಳ ಯೋಚನೆಯನ್ನು ಅವು ಬಿಟ್ಟುಹೋದ ವಸ್ತುಗಳಿಂದಲೇ ಓದಬೇಕಾಗುತ್ತದೆ. ಕರಾವಳಿಯ ಹಂಚಿನ ಉದ್ಯಮವು ಇಂಥ ಓದಿಗೆ ಅಪರೂಪದ ಸಾಮಗ್ರಿಯನ್ನು ಒದಗಿಸುತ್ತದೆ, ಏಕೆಂದರೆ ಅಲ್ಲಿ ಕಾಗದ ಉಳಿಸಿದ ಸಂಸ್ಥೆಯೊಂದೂ ಕಾಗದ ಉಳಿಸದ ಹಲವು ಕುಟುಂಬಗಳೂ ಒಂದೇ ಮಣ್ಣಿನಿಂದ ಒಂದೇ ಸರಕನ್ನು ಅಕ್ಕಪಕ್ಕದಲ್ಲೇ ತಯಾರಿಸಿದವು.

ಕಾಗದ ಉಳಿಸಿದ ಸಂಸ್ಥೆ ಬಾಸೆಲ್ ಮಿಷನ್. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಪ್ರೊಟೆಸ್ಟೆಂಟ್ ಸಂಸ್ಥೆಯ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಉದ್ಯಮ ಕಟ್ಟುವುದು ಅವರ ಮೂಲ ಉದ್ದೇಶವಾಗಿರಲಿಲ್ಲ. ಮತಾಂತರಗೊಂಡವರು ಜಾತಿಯಿಂದಲೂ ಜಾತಿಯೊಂದಿಗೆ ಬಂದಿದ್ದ ಕಸುಬಿನಿಂದಲೂ ಹೊರಬಿದ್ದುದರಿಂದ ಅವರಿಗೆ ಅನ್ನದ ದಾರಿ ಹುಡುಕುವ ಹೊಣೆ ಮಿಷನ್ನಿನ ಮೇಲೆ ಬಿತ್ತು. ಬೇಸಾಯ, ಗಡಿಯಾರ ತಯಾರಿಕೆ, ಮರಗೆಲಸ ಎಂದು ಒಂದಾದ ಮೇಲೊಂದು ಪ್ರಯತ್ನ ನಡೆದು, ಅವುಗಳಲ್ಲಿ ಕೆಲವು ಕೈಕೊಟ್ಟು, ಕೊನೆಗೆ ನಿಂತು ಬೆಳೆದವು ಮುದ್ರಣ, ನೇಯ್ಗೆ ಮತ್ತು ಹಂಚು. ಈ ಸರಣಿಯನ್ನು ಯೋಜನೆಯೆಂದು ವರ್ಣಿಸುವ ರೂಢಿ ನಂತರದ ಬರಹಗಳಲ್ಲಿ ಕಾಣುತ್ತದೆಯಾದರೂ ಅದು ತಡವರಿಸುತ್ತ ಕಂಡುಕೊಂಡ ದಾರಿಯೆನ್ನುವುದೇ ಹೆಚ್ಚು ಸರಿ.

ಮುದ್ರಣಾಲಯದ ಕೆಲಸಕ್ಕಾಗಿ 1851ರಲ್ಲಿ ಬಂದ ಗೇಯಾರ್ಗ್ ಪ್ಲೆಬ್ಸ್ಟ್ ಎಂಬ ಯಂತ್ರಜ್ಞ ಹಂಚಿನ ವಿಷಯದಲ್ಲಿ ಮುಖ್ಯನಾದವನು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಹಂಚಿಗೆ ತಕ್ಕದ್ದೆಂದು ಗುರುತಿಸಿ, ಯುರೋಪಿಗೆ ಮರಳಿದಾಗ ಅಲ್ಲಿನ ವಿಧಾನವನ್ನು ಕಲಿತು ಬಂದ ಅವನ ಮುಂದಾಳತ್ವದಲ್ಲಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭವಾಯಿತು. ಮಾದರಿ ಅವನದಲ್ಲ. ಒಂದರ ಅಂಚು ಇನ್ನೊಂದರ ತೋಡಿನೊಳಗೆ ಕೂತು ಬಿಗಿದುಕೊಳ್ಳುವ ಹಂಚಿಗೆ ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸೋದರರು 1841ರಲ್ಲೇ ಹಕ್ಕುಪತ್ರ ಪಡೆದಿದ್ದರು. ಕುಂಬಾರರು ಮಾಡುತ್ತಿದ್ದ ನಾಡಹಂಚು ಅರ್ಧ ಕೊಳವೆಯಾಕಾರದ್ದಾಗಿದ್ದು, ಮಳೆ ಸೋರದಿರಲು ಅದನ್ನು ಪದರ ಪದರವಾಗಿ ಹೊದಿಸಬೇಕಿತ್ತು, ಹಾಗಾಗಿ ಮಾಡಿನ ಭಾರವೂ ಮರದ ಖರ್ಚೂ ಹೆಚ್ಚುತ್ತಿದ್ದವು. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ ತಪ್ಪದು, ವರ್ಷ ವರ್ಷವೂ ಹೊದಿಸುವ ಕೆಲಸವೂ ತಪ್ಪದು. ಹೊಸ ಹಂಚಾದರೋ ರೀಪಿಗೆ ಕೊಂಡಿಯಂತೆ ಸಿಕ್ಕಿಕೊಂಡು ಒಂದೇ ಪದರದಲ್ಲಿ ಕರಾವಳಿಯ ಮಳೆಯನ್ನು ತಡೆಯುತ್ತಿತ್ತು. ಒಂದು ಚದರಕ್ಕೆ, ಎಂದರೆ ನೂರು ಚದರಡಿ ಮಾಡಿಗೆ, ಸುಮಾರು 150 ಹಂಚು ಸಾಕಾಗುತ್ತಿದ್ದವು.

ಮಿಷನ್ನಿನ ಕಾರ್ಖಾನೆಯಲ್ಲಿ ದೊಡ್ಡ ನಿರ್ಧಾರಗಳು ಬಾಸೆಲ್‌ನ ಆಡಳಿತದ ಒಪ್ಪಿಗೆಯಿಂದ ಆಗಬೇಕಾಗಿತ್ತು. ಮಂಗಳೂರಿನಿಂದ ಹೋದ ಪತ್ರಕ್ಕೆ ಸಮುದ್ರ ದಾಟಿ ಉತ್ತರ ಬರುವಷ್ಟರಲ್ಲಿ ಋತುವೇ ಬದಲಾಗುತ್ತಿತ್ತು. ಈ ನಿಧಾನ ದೋಷವೆಂದು ಕಂಡರೂ ಅದರಿಂದ ಆದ ಪ್ರಯೋಜನ ಕಡಿಮೆಯದಲ್ಲ, ಏಕೆಂದರೆ ಕೇಳುವವನು ತನ್ನ ಕೋರಿಕೆಯನ್ನು ಲೆಕ್ಕದೊಂದಿಗೆ ಬರೆದು ಸಮರ್ಥಿಸಬೇಕಾಗಿತ್ತು, ಬರೆದದ್ದು ಕಡತದಲ್ಲಿ ಉಳಿಯಿತು. ಕುದ್ರೋಳಿ, ಮಲ್ಪೆ, ಕೋಝಿಕ್ಕೋಡ್, ಪಾಲಕ್ಕಾಡ್ ಎಂದು ಕಾರ್ಖಾನೆಗಳು ಕರಾವಳಿಯುದ್ದಕ್ಕೂ ಮಲಬಾರಿನೊಳಕ್ಕೂ ಹರಡಿದ್ದು ಇಂಥ ಪತ್ರವ್ಯವಹಾರದ ಮೂಲಕ.

ಸ್ಥಳೀಯ ಮಾಲೀಕರ ರೀತಿ ಬೇರೆ. ಜೆಪ್ಪುವಿನ ಗೂಡು ಹೊತ್ತಿಕೊಂಡ ಮೂರೇ ವರ್ಷಕ್ಕೆ, 1868ರಲ್ಲಿ, ಅಲ್ಬುಕರ್ಕ್ ಕುಟುಂಬ ಹಂಚಿನ ಉದ್ಯಮಕ್ಕಿಳಿಯಿತು; ಮುಂದಿನ ದಶಕಗಳಲ್ಲಿ ಗೌಡ ಸಾರಸ್ವತ ವರ್ತಕರೂ ಇತರರೂ ಅದೇ ಹಾದಿ ಹಿಡಿದರು. ಮೊರ್ಗನ್ ಹೆಸರಿನ ಹಂಚಿನ ಸಂಸ್ಥೆಯು ಜೆಪ್ಪುವಿನ ಒಂದು ಭಾಗಕ್ಕೆ ಮೊರ್ಗನ್ಸ್ ಗೇಟ್ ಎಂಬ ಹೆಸರನ್ನೇ ಕೊಟ್ಟಿತು. ಇವರಲ್ಲಿ ಯಾರೂ ಪೇಟೆಯ ಸಮೀಕ್ಷೆ ಮಾಡಿಸಿರುವ ಸಂಭವವಿಲ್ಲ, ಮಾಡಿಸುವ ಅಗತ್ಯವೂ ಇರಲಿಲ್ಲ. ಹಂಚು ಮಾರಾಟವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ದಕ್ಕೆಯಲ್ಲಿ ಮಂಜಿಗಳಿಗೆ ಏರುತ್ತಿದ್ದ ಸರಕಿನ ರೂಪದಲ್ಲಿ ದಿನವೂ ಕಾಣುತ್ತಿತ್ತು. ಪ್ರಯೋಗದ ನಷ್ಟವನ್ನು ಧರ್ಮಸಂಸ್ಥೆಯೊಂದು ಹೊತ್ತುಕೊಂಡಿತ್ತು, ಕೆಲಸಗಾರರು ತರಬೇತಾಗಿದ್ದರು, ಮಣ್ಣಿನ ಗುಣ ಗೊತ್ತಾಗಿತ್ತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಒಂದೇ ಕಸುಬಿನ ಹಲವು ಸಣ್ಣ ಉದ್ಯಮಗಳು ಒಂದೆಡೆ ನೆಲೆಸಿದಾಗ ಕಸುಬಿನ ಗುಟ್ಟು ಗುಟ್ಟಾಗಿ ಉಳಿಯದೆ ಎಲ್ಲರ ಸೊತ್ತಾಗುತ್ತದೆ ಎಂಬುದನ್ನು ವಿವರಿಸಿದ. ಅದೇ ಹೊತ್ತಿಗೆ ಬೋಳಾರ, ಜೆಪ್ಪು, ಹೊಯ್ಗೆಬಜಾರುಗಳ ನದೀತೀರದಲ್ಲಿ ಅದು ಕಣ್ಣೆದುರಿಗೇ ನಡೆಯುತ್ತಿತ್ತು. ಅನುಕರಣೆಯನ್ನು ಕೀಳಾಗಿ ಕಾಣುವ ಅಭ್ಯಾಸವಿರುವವರು ಗಮನಿಸಬೇಕಾದ ಸಂಗತಿಯೆಂದರೆ, ಮೂಲಸಂಸ್ಥೆಯೂ ಫ್ರಾನ್ಸಿನ ಮಾದರಿಯನ್ನೇ ಅನುಕರಿಸಿತ್ತು. ಇಲ್ಲಿ ಜಾಣತನವಿದ್ದುದು ಯಾವಾಗ ಅನುಕರಿಸಬೇಕು ಎಂಬುದರಲ್ಲಿ.

ನೆಲೆಯ ಆಯ್ಕೆಯನ್ನು ಹೊಳೆಯೇ ಮಾಡಿಕೊಟ್ಟಿತು. ಮಣ್ಣು ಹೊಳೆಬದಿಯ ಗದ್ದೆಗಳಿಂದ ದೋಣಿಯಲ್ಲಿ ಬರುತ್ತಿತ್ತು, ಸೌದೆ ಘಟ್ಟದ ಬುಡದ ಕಾಡುಗಳಿಂದ ಇಳಿಯುತ್ತಿತ್ತು, ಸಿದ್ಧವಾದ ಹಂಚು ಅದೇ ನೀರಿನ ಮೇಲೆ ಅಳಿವೆಗೆ ಸಾಗುತ್ತಿತ್ತು. ಹಂಚು ಭಾರದ, ಒಡೆಯುವ, ಅಗ್ಗದ ಸರಕು. ಒಂದೊಂದೂ ಎರಡೂವರೆ ಕಿಲೋ ಆಸುಪಾಸಿನದಾದ್ದರಿಂದ ಎತ್ತಿನ ಗಾಡಿಯಲ್ಲಿ ದೂರ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ಮೀರುತ್ತಿತ್ತು, ಹಡಗಿನಲ್ಲಾದರೆ ಮುಂಬಯಿ, ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳೂ ಎಟುಕುತ್ತಿದ್ದವು. ಹೀಗಾಗಿ ಘಟ್ಟದ ಮೇಲಿನ ಪೇಟೆಗಿಂತ ಸಮುದ್ರದಾಚೆಯ ಪೇಟೆ ಮಂಗಳೂರಿನ ಮಾಲೀಕನಿಗೆ ಹತ್ತಿರವಾಗಿತ್ತು. 1907ರಲ್ಲಿ ಮಲಬಾರಿನ ಕಡೆಯಿಂದ ರೈಲು ಮಂಗಳೂರನ್ನು ಮುಟ್ಟಿದಾಗ ಈ ಲೆಕ್ಕ ಸ್ವಲ್ಪ ಬದಲಾಯಿತು. 1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಮನೆಗಳು ಮಂಗಳೂರು ಹಂಚನ್ನು ಹೊದ್ದವಾದರೂ ಹಾಸನದಿಂದ ಮಂಗಳೂರಿಗೆ ನೇರ ರೈಲು ಬಂದದ್ದು 1979ರಲ್ಲಿ, ಉದ್ಯಮದ ಒಳ್ಳೆಯ ದಿನಗಳು ಕಳೆದ ಮೇಲೆ.

ಹೊಳೆಯಂತೆಯೇ ಮಳೆಯೂ ನಿರ್ಧಾರಗಳನ್ನು ಆಳಿತು. ಅಚ್ಚಿನಿಂದ ಇಳಿದ ಹಸಿ ಹಂಚು ಗೂಡು ಸೇರುವ ಮೊದಲು ಒಣಗಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಒಣಗುವುದು ನಿಧಾನ, ಹಾಯಿಹಡಗುಗಳ ಓಡಾಟವೂ ನಿಲ್ಲುತ್ತದೆ. ಆದರೆ ಕೊಳ್ಳುವವರಿಗೆ ಹಂಚು ಬೇಕಾಗುವುದು ಬೇಸಗೆಯ ಕೊನೆಯಲ್ಲಿ, ಮಳೆ ಬೀಳುವ ಮೊದಲು. ಆದ್ದರಿಂದ ಮಾಲೀಕ ತಿಂಗಳುಗಟ್ಟಲೆ ಕೂಲಿ ಕೊಟ್ಟು, ಸೌದೆ ಸುಟ್ಟು, ಮಾರಾಟವಾಗದ ಸರಕನ್ನು ಅಂಗಳದಲ್ಲಿ ಪೇರಿಸಿ ಕಾಯಬೇಕಿತ್ತು. ಸರಕಾಗಿ ನಿಂತಿರುವ ಈ ಹಣವನ್ನು ದುಡಿಯುವ ಬಂಡವಾಳ ಎನ್ನುತ್ತಾರೆ. ಅದನ್ನು ಹೊಂದಿಸುವ ಶಕ್ತಿ ಎಷ್ಟಿದೆಯೋ ಅಷ್ಟೇ ಉದ್ಯಮದ ಗಾತ್ರ. ಬೆಳೆಯಬೇಕೆ ಬೇಡವೆ ಎಂಬ ಪ್ರಶ್ನೆ ಮೂಲತಃ ಸಾಲ ಯಾರಿಂದ ಸಿಗುತ್ತದೆ ಎಂಬ ಪ್ರಶ್ನೆಯಾಗಿತ್ತು. ಮೊದಲಿಗೆ ಉತ್ತರವಿದ್ದುದು ನೆಂಟರು ಮತ್ತು ಸಗಟು ವರ್ತಕರ ಬಳಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿಕೊಂಡ ಜಿಲ್ಲೆಯಲ್ಲಿ ಋತುಮಾನದ ಸಾಲಕ್ಕೆ ಎಷ್ಟು ಹಸಿವಿತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ಸರಕು ಒಂದೇ, ಮಾದರಿ ಒಂದೇ ಆದಾಗ ಮಾಲೀಕನಿಗೆ ಉಳಿಯುವ ಆಯ್ಕೆಗಳು ಬೆಲೆ ಇಳಿಸುವುದು ಅಥವಾ ಹೆಸರು ಗಳಿಸುವುದು. ಹಂಚಿನ ಅಚ್ಚಿನಲ್ಲೇ ಕಾರ್ಖಾನೆಯ ಹೆಸರನ್ನು ಕೆತ್ತಿಸುವ ಪದ್ಧತಿ ಈ ಎರಡನೆಯ ಆಯ್ಕೆಯ ಫಲ. ಮಿಷನ್ನಿನ ಹಂಚಿನ ಮೇಲೆ 1865 ಎಂಬ ವರ್ಷವೂ ಮೂಡುತ್ತಿತ್ತು, ತಾನೇ ಮೊದಲಿಗ ಎಂಬ ಹಕ್ಕುಸಾಧನೆಯಾಗಿ. ಇತರರು ತಮ್ಮ ಹೆಸರಿನ ಜೊತೆಗೆ ಮಂಗಳೂರು ಎಂಬ ಊರಿನ ಹೆಸರನ್ನು ತಪ್ಪದೆ ಒತ್ತಿದರು. ಮನೆಯೊಳಗೆ ಮಲಗಿ ಮೇಲೆ ನೋಡಿದವನಿಗೆ ಪಕಾಸುಗಳ ನಡುವೆ ಕಾಣುವ ಈ ಅಕ್ಷರಗಳು ಕರಾವಳಿಯ ಕುಟುಂಬ ಸಂಸ್ಥೆಗಳು ಬರೆದಿಟ್ಟ ಏಕೈಕ ಕಾರ್ಯತಂತ್ರದ ದಾಖಲೆ ಎಂದರೆ ಅತಿಶಯೋಕ್ತಿಯಾಗಲಾರದು. ಸಂಸ್ಥೆಯ ಹೆಸರಿಗಿಂತ ಊರಿನ ಹೆಸರು ದೊಡ್ಡ ಮುದ್ರೆಯಾಯಿತು. ಬೇರೆ ಬೇರೆ ಊರುಗಳಲ್ಲಿ ಮಾಡಿದ ಹಂಚನ್ನೂ ಜನ ಮಂಗಳೂರು ಹಂಚೆಂದೇ ಕರೆದರು, ಕೊನೆಗೆ ಭಾರತೀಯ ಮಾನಕ ಸಂಸ್ಥೆಯ 654ನೆಯ ಮಾನಕವೂ ಮಂಗಳೂರು ಮಾದರಿ ಎಂಬ ಹೆಸರನ್ನೇ ಬಳಸಿತು. ಹೆಸರು ಹೀಗೆ ಎಲ್ಲರದಾದಾಗ ಅದರ ಲಾಭ ಮಂಗಳೂರಿಗೆ ಮಾತ್ರ ಉಳಿಯಲಿಲ್ಲ ಎಂಬುದು ಬೇರೆ ಮಾತು.

ಮೊದಲ ಮಹಾಯುದ್ಧ ಎರಡು ರೀತಿಯ ಆಡಳಿತಗಳ ಅಂತರವನ್ನು ಬಯಲಿಗೆಳೆಯಿತು. ಮಿಷನ್ನಿನಲ್ಲಿ ಜರ್ಮನ್ನರು ಹೆಚ್ಚಾಗಿದ್ದುದರಿಂದ ಅದರ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು, ಅವು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ನಿರ್ಧಾರದ ಕೇಂದ್ರ ಹೊರದೇಶದಲ್ಲಿದ್ದ ಸಂಸ್ಥೆಗೆ ರಾಜಕೀಯದ ಒಂದು ಹೊಡೆತ ಸಾಕಾಯಿತು. ಮಾಲೀಕನ ಮನೆ ಗೂಡಿನ ಪಕ್ಕದಲ್ಲೇ ಇದ್ದ ಸಂಸ್ಥೆಗಳಿಗೆ ಆ ಭಯವಿರಲಿಲ್ಲ.

ಅವುಗಳಿಗಿದ್ದ ಅಪಾಯ ಇನ್ನೊಂದು. ಸ್ವಾತಂತ್ರ್ಯಾನಂತರ ಸಿಮೆಂಟು ಕಾಂಕ್ರೀಟಿನ ತಾರಸಿ ಪಟ್ಟಣಗಳಿಂದ ಹಳ್ಳಿಗಳಿಗೆ ಹಬ್ಬಿತು; ತಾರಸಿಯ ಮೇಲೆ ಇನ್ನೊಂದು ಅಂತಸ್ತು ಏರಿಸಬಹುದು, ಹಂಚಿನ ಮಾಡಿನ ಮೇಲೆ ಏರಿಸಲಾಗದು. ಸೌದೆ ದುಬಾರಿಯಾಯಿತು, ಮಣ್ಣಿಗಾಗಿ ಗದ್ದೆ ಅಗೆಯುವುದಕ್ಕೆ ವಿರೋಧ ಬೆಳೆಯಿತು, ನೆರೆಯ ಕೇರಳ 2008ರಲ್ಲಿ ಗದ್ದೆ ಮತ್ತು ಜೌಗುನೆಲಗಳ ರಕ್ಷಣೆಗೆ ಕಾನೂನನ್ನೇ ತಂದಿತು. ಈ ಬದಲಾವಣೆಗಳಲ್ಲಿ ಯಾವುದೂ ರಾತ್ರೋರಾತ್ರಿ ಬಂದದ್ದಲ್ಲ. ಮಾಲೀಕರಿಗೆ ಯೋಚಿಸಲು ದಶಕಗಳ ಸಮಯವಿತ್ತು. ಆದರೂ ಹೆಚ್ಚಿನವರು ಅದೇ ಗೂಡಿನಲ್ಲಿ ಅದೇ ಹಂಚನ್ನು ಸುಡುತ್ತ ಹೋದದ್ದೇಕೆ?

ಸೋಮಾರಿತನವೆಂಬ ಉತ್ತರ ಸುಲಭ, ಆದರೆ ನ್ಯಾಯವಾದುದಲ್ಲ. ಜರ್ಮನಿಯ ಫ್ರೀಡ್ರಿಶ್ ಹಾಫ್‌ಮನ್ 1858ರಲ್ಲಿ ಹಕ್ಕುಪತ್ರ ಪಡೆದ ಬಗೆಯ ಗೂಡಿನಲ್ಲಿ ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತುತ್ತ ಆರದೆ ಉರಿಯುತ್ತದೆ. ಸೌದೆ ಉಳಿಯುತ್ತದೆ, ಆದರೆ ನಿಲ್ಲಿಸಿ ಮತ್ತೆ ಹೊತ್ತಿಸುವುದು ನಷ್ಟದ ಬಾಬತ್ತು. ಇಂಥ ಗೂಡನ್ನು ಕಟ್ಟಿದವನಿಗೆ ಮುಂದುವರಿಸುವುದೇ ಅಗ್ಗದ ದಾರಿಯಾಗಿ ಕಾಣುತ್ತದೆ. ಇದರ ಮೇಲೆ, ಅಜ್ಜ ಕಟ್ಟಿದ ಕಾರ್ಖಾನೆಯಲ್ಲಿ ಹಲವು ಮೊಮ್ಮಕ್ಕಳಿಗೆ ಪಾಲಿದ್ದಾಗ ಹೊಸ ಬಂಡವಾಳ ಹೂಡಲು ಎಲ್ಲರೂ ಒಪ್ಪಬೇಕು, ಒಪ್ಪದಿರಲು ಒಬ್ಬ ಸಾಕು. ಅಮೆರಿಕದ ಹರ್ಬರ್ಟ್ ಸೈಮನ್, ನಿರ್ಧಾರ ಕೈಗೊಳ್ಳುವವರು ಇರುವ ಎಲ್ಲ ದಾರಿಗಳನ್ನೂ ತೂಗಿ ಅತ್ಯುತ್ತಮವಾದುದನ್ನು ಆರಿಸುವುದಿಲ್ಲ, ಸಾಕೆನ್ನಿಸುವಂಥದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತಾರೆ ಎಂದು ವಾದಿಸಿದ ಚಿಂತಕ. ಈ ಬಗೆಯ ಸಂಶೋಧನೆಗಾಗಿ ಅವನಿಗೆ 1978ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಸೀಮಿತ ವಿವೇಚನೆ ಎಂದು ಕನ್ನಡಿಸಬಹುದಾದ ಈ ಪರಿಕಲ್ಪನೆ ಹಂಚಿನ ಮಾಲೀಕರಿಗೆ ಚೆನ್ನಾಗಿ ಹೊಂದುತ್ತದೆ. ಪ್ರತಿ ಬೇಸಗೆಯಲ್ಲೂ ಸ್ವಲ್ಪ ಹಂಚು ಮಾರಾಟವಾಗುತ್ತಲೇ ಇತ್ತು, ಆ ಸ್ವಲ್ಪವೇ ಸಾಕೆನ್ನಿಸುತ್ತಲೂ ಇತ್ತು.

ಗುಜರಾತಿನ ಮೋರ್ಬಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಉದ್ಯಮ ಬೆಳೆದದ್ದು ಮಂಗಳೂರು ಮಾದರಿಯ ಹಂಚಿನಿಂದಲೇ, ಅಲ್ಲಿಯೂ ಮಾಲೀಕರು ಕುಟುಂಬಸ್ಥರೇ. ಆದರೆ ಮಾಡಿನ ಹಂಚಿಗೆ ಬೇಡಿಕೆ ಕುಗ್ಗಿದಂತೆ ಅವರು ಗೋಡೆಯ ಮೆರುಗಿನ ಬಿಲ್ಲೆಗೂ ಅನಂತರ ನೆಲಕ್ಕೆ ಹಾಸುವ ವಿಟ್ರಿಫೈಡ್ ಟೈಲ್ಸಿಗೂ ಹೊರಳಿ, ಊರನ್ನು ದೇಶದ ಸೆರಾಮಿಕ್ ಉದ್ಯಮದ ಕೇಂದ್ರವನ್ನಾಗಿಸಿದರು. ಮಂಗಳೂರಿನವರಿಗೆ ಆ ಬುದ್ಧಿ ಇರಲಿಲ್ಲವೆನ್ನುವುದು ತಪ್ಪಾಗುತ್ತದೆ. ಕರಾವಳಿಯ ಹಣ ಮತ್ತು ಹೊಸ ತಲೆಮಾರು ಬ್ಯಾಂಕು, ಹೋಟೆಲು, ಶಿಕ್ಷಣ ಸಂಸ್ಥೆ, ಕೊಲ್ಲಿ ದೇಶಗಳ ನೌಕರಿ ಎಂದು ಬೇರೆ ಕಡೆ ಹರಿದವು. ಬೆಳೆಯುವ ನಗರದ ನದೀತೀರದಲ್ಲಿ ಕಾರ್ಖಾನೆಯ ನೆಲದ ಬೆಲೆ ಹಂಚಿನ ಆದಾಯವನ್ನು ಮೀರಿತು. ಉದ್ಯಮದ ದೃಷ್ಟಿಯಿಂದ ಸೋಲೆನ್ನಿಸುವುದು ಕುಟುಂಬದ ದೃಷ್ಟಿಯಿಂದ ಲಾಭದ ನಿರ್ಧಾರವಾಗಿರಬಹುದು, ಮತ್ತು ಕುಟುಂಬ ಸಂಸ್ಥೆಯಲ್ಲಿ ನಿರ್ಧರಿಸುವುದು ಕುಟುಂಬವೇ ಹೊರತು ಉದ್ಯಮವಲ್ಲ. ಮಧ್ಯಮ ಗಾತ್ರದ ಉದ್ಯಮ ಎಂಬುದಕ್ಕೆ ಭಾರತದ ಕಾನೂನಿನಲ್ಲಿ ಮೊದಲ ಬಾರಿಗೆ ಪ್ರತ್ಯೇಕ ವ್ಯಾಖ್ಯೆ ಸಿಕ್ಕಿದ್ದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಲ್ಲಿ. ಹಂಚಿನ ಕಾರ್ಖಾನೆಗಳ ಮಟ್ಟಿಗೆ ಅದು ಬಹಳ ತಡವಾಗಿ ಬಂದ ಗುರುತಿನ ಚೀಟಿ.

ಈ ಇತಿಹಾಸವನ್ನು ಬರೆಯಲು ಹೊರಟವರಿಗೆ ಮಿಷನ್ನಿನ ಪತ್ರಗಳು ಬಾಸೆಲ್‌ನ ದಾಖಲೆಗಾರದಲ್ಲಿಯೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಸಿಗುತ್ತವೆ. ಕುಟುಂಬಗಳ ಪಾಲುಪತ್ರ, ರೋಜುಕಿರ್ದಿ, ಸಾಲದ ಚೀಟಿ, ಹಡಗಿನ ರಸೀದಿಗಳಿಗೆ ಅಂಥ ಮನೆಯಿಲ್ಲ. ಹಳೆಯ ಕಾರ್ಖಾನೆಯನ್ನು ಕೆಡವುವ ಅಥವಾ ಮನೆಯ ಅಟ್ಟವನ್ನು ಗುಡಿಸುವ ವಾರಸುದಾರರು ಆ ಕಟ್ಟುಗಳನ್ನು ಗುಜರಿಗೆ ಹಾಕುವ ಮೊದಲು ಹತ್ತಿರದ ಯಾವುದಾದರೊಂದು ವಿಶ್ವವಿದ್ಯಾಲಯಕ್ಕೋ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಮ್ಮೆ ತೋರಿಸಬೇಕು.