ತಲೆಗೂದಲೂ ಶಾಲಾಧಿಕಾರವೂ: ಅಮೆರಿಕದ ನ್ಯಾಯಾಲಯಗಳಲ್ಲಿ ವಿದ್ಯಾರ್ಥಿ ಸ್ವಾತಂತ್ರ್ಯದ ಒಂದು ಅಧ್ಯಾಯ (೧೯೬೪–೧೯೭೬)

೧

ಸ್ವಾತಂತ್ರ್ಯದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಕ್ರಾಂತಿ, ಶಾಸನಸಭೆ, ಸೆರೆಮನೆ ಮೊದಲಾದ ದೊಡ್ಡ ಸಂದರ್ಭಗಳನ್ನೇ ಆಯ್ದುಕೊಳ್ಳುವರು. ಅಧಿಕಾರದ ಮೇರೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯಾದರೋ ಅನೇಕ ವೇಳೆ ಕ್ಷುಲ್ಲಕವೆಂದು ತೋರುವ ವಿಷಯಗಳಲ್ಲಿಯೇ ಅತ್ಯಂತ ಸ್ಪಷ್ಟವಾಗಿ ತಲೆದೋರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೬೪ರಿಂದ ೧೯೭೬ರವರೆಗೆ, ಸುಮಾರು ಹನ್ನೆರಡು ವರ್ಷಗಳ ಕಾಲ, ಹುಡುಗರ ತಲೆಗೂದಲಿನ ಉದ್ದವನ್ನು ಕುರಿತು ಶಾಲೆಗಳಿಗೂ ವಿದ್ಯಾರ್ಥಿಗಳಿಗೂ ನಡೆದ ವ್ಯಾಜ್ಯಗಳು ಈ ಬಗೆಯವು. ಇವುಗಳಲ್ಲಿ ಅನೇಕವು ಮೇಲ್ಮನವಿಯ ನ್ಯಾಯಾಲಯಗಳವರೆಗೆ ಹೋದುವು. ಹಿರಿಯ ನ್ಯಾಯಾಧೀಶರು ಕಿವಿ, ಹುಬ್ಬು, ಅಂಗಿಯ ಕೊರಳಪಟ್ಟಿಗಳ ವಿಚಾರವಾಗಿ ಪುಟಗಟ್ಟಲೆ ತೀರ್ಪುಗಳನ್ನು ಬರೆದರು.

ಇದನ್ನು ಕಂಡು ನಗುವುದು ಸುಲಭ. ಆದರೆ ಆ ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅವುಗಳ ಅಡಿಯಲ್ಲಿ ಒಂದೇ ಗಂಭೀರವಾದ ಪ್ರಶ್ನೆ ಹರಿಯುತ್ತಿರುವುದು ಗೋಚರವಾಗುತ್ತದೆ. ಸಂಸ್ಥೆಯೊಂದು ವ್ಯಕ್ತಿಯ ಮೇಲೆ ನಿಯಮವನ್ನು ವಿಧಿಸಿದಾಗ ಕಾರಣವನ್ನು ತೋರಿಸಬೇಕಾದ ಹೊಣೆ ಯಾರದು? ನಿಯಮವನ್ನು ಮಾಡಿದವರದೋ, ಅದನ್ನು ಒಪ್ಪದವನದೋ? ಈ ಹೊಣೆಯನ್ನು ಯಾರ ಮೇಲೆ ಹೊರಿಸಲಾಯಿತೋ ಅವರೇ ಬಹುಮಟ್ಟಿಗೆ ಸೋತರೆಂಬುದನ್ನು ಪ್ರಸಕ್ತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೨

ಅಮೆರಿಕದಲ್ಲಿ ಶಾಲೆಯ ಕತ್ತರಿಗೆ ಒಂದು ಪೂರ್ವಚರಿತ್ರೆಯುಂಟು. ೧೮೭೯ರಲ್ಲಿ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೈನ್ಯಾಧಿಕಾರಿಯು ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ವಸತಿಶಾಲೆಯೊಂದನ್ನು ತೆರೆದನು. ಅಲ್ಲಿಗೆ ಬಂದ ಹುಡುಗರಿಗೆ ಮೊದಲು ಆಗುತ್ತಿದ್ದ ಸಂಸ್ಕಾರಗಳಲ್ಲಿ ಜಡೆಯನ್ನು ಕತ್ತರಿಸುವುದೂ ಒಂದಾಗಿದ್ದಿತು. ಇಂಡಿಯಾನಾ ಪ್ರಾಂತದ ಇನ್ನೊಂದು ಅಂತಹ ಶಾಲೆಯಲ್ಲಿ ಬಾಲ್ಯವನ್ನು ಕಳೆದ ಡಕೋಟಾ ಲೇಖಕಿ ಜಿತ್ಕಲಾ ಶಾ ತನ್ನ ಕೂದಲನ್ನು ಬಲಾತ್ಕಾರವಾಗಿ ಕತ್ತರಿಸಿದ ಪ್ರಸಂಗವನ್ನು ೧೯೦೦ರಲ್ಲಿ ಪ್ರಕಟವಾದ ತನ್ನ ಸ್ಮೃತಿಲೇಖನದಲ್ಲಿ ವರ್ಣಿಸಿದ್ದಾಳೆ. ಆಕೆಯ ಜನರಲ್ಲಿ ಗಿಡ್ಡಗೂದಲು ಶೋಕದ ಗುರುತು, ಹೇಡಿತನದ ಗುರುತು. ಕೇಶಮುಂಡನಕ್ಕೆ ಶೋಕದ ಅರ್ಥವುಂಟೆಂಬುದು ನಮ್ಮ ದೇಶದ ವಾಚಕರಿಗೆ ಹೊಸದಲ್ಲ. ೧೯೦೨ರಲ್ಲಿ ಮೂಲನಿವಾಸಿ ವ್ಯವಹಾರಗಳ ಕಮಿಷನರಾಗಿದ್ದ ವಿಲಿಯಂ ಜೋನ್ಸ್ ವಯಸ್ಕ ಗಂಡಸರೂ ಉದ್ದಗೂದಲನ್ನು ಬಿಡಬೇಕೆಂದು ಪ್ರೋತ್ಸಾಹಿಸುವಂತೆ, ಅಗತ್ಯವಾದರೆ ಒತ್ತಾಯಿಸುವಂತೆ, ತನ್ನ ಕೈಕೆಳಗಿನ ಅಧಿಕಾರಿಗಳಿಗೆ ಸುತ್ತೋಲೆ ಕಳುಹಿಸಿದನು. ಕೂದಲನ್ನು ಆಳುವುದೆಂದರೆ ಮನುಷ್ಯನು ಯಾರವನೆಂಬುದನ್ನು ನಿರ್ಣಯಿಸುವುದೆಂದು ಈ ಅಧಿಕಾರಿಗಳು ಚೆನ್ನಾಗಿ ಅರಿತಿದ್ದರು.

ಎರಡನೆಯ ಮಹಾಯುದ್ಧದ ತರುವಾಯ ಬಿಳಿಯರ ಸಾಮಾನ್ಯ ಶಾಲೆಗಳಲ್ಲಿ ಸೈನಿಕರ ಮಾದರಿಯ ಗಿಡ್ಡ ಕ್ರಾಪು ರೂಢಿಯಲ್ಲಿದ್ದಿತು. ರೂಢಿಯೇ ಕಾವಲಾಗಿದ್ದಾಗ ನಿಯಮದ ಅವಶ್ಯಕತೆ ಬೀಳಲಿಲ್ಲ. ೧೯೬೪ರ ಫೆಬ್ರವರಿ ೯ರಂದು ಇಂಗ್ಲೆಂಡಿನ ಬೀಟಲ್ಸ್ ಗಾಯಕರು ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡರು. ಕೆಲವೇ ತಿಂಗಳುಗಳಲ್ಲಿ ಹುಡುಗರ ಕೂದಲು ಹಣೆಯ ಮೇಲಕ್ಕೂ ಕಿವಿಯ ಮೇಲಕ್ಕೂ ಇಳಿಯತೊಡಗಿತು. ಅದರ ಬೆನ್ನಿಗೇ ಶಾಲೆಗಳ ನಿಯಮಗಳೂ ಹುಟ್ಟಿಕೊಂಡುವು.

೩

ಈ ಸರಣಿಯ ಮೊದಲ ಪ್ರಸಿದ್ಧ ವ್ಯಾಜ್ಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಟಲ್‌ಬರೋ ಪಟ್ಟಣದ್ದು. ೧೯೬೪ರ ಸೆಪ್ಟೆಂಬರಿನಲ್ಲಿ, ಸಂಗೀತವನ್ನು ವೃತ್ತಿಯಾಗಿ ಕೈಗೊಂಡಿದ್ದ ಹದಿನೇಳು ವರ್ಷದ ವಿದ್ಯಾರ್ಥಿಯೊಬ್ಬನನ್ನು ಕ್ಷೌರ ಮಾಡಿಸಿಕೊಂಡಲ್ಲದೆ ಶಾಲೆಗೆ ಬರಕೂಡದೆಂದು ಹಿಂದಕ್ಕೆ ಕಳುಹಿಸಿದರು. ಉದ್ದಗೂದಲು ತನ್ನ ಜೀವನೋಪಾಯಕ್ಕೆ ಅಗತ್ಯವೆಂದೂ ಅದು ಮನೆಯವರಿಗೆ ಸೇರಿದ ವಿಷಯವೆಂದೂ ಅವನ ವಾದ. ಆ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವು ೧೯೬೫ರ ಡಿಸೆಂಬರಿನಲ್ಲಿ ಈ ವಾದವನ್ನು ತಳ್ಳಿಹಾಕಿತು. ಶಿಸ್ತನ್ನು ಕಾಪಾಡಲು ಯುಕ್ತವೆಂದು ತೋರುವ ನಿಯಮದ ಎದುರಿನಲ್ಲಿ ಕುಟುಂಬದ ಖಾಸಗಿ ಕ್ಷೇತ್ರವು ಅಷ್ಟರಮಟ್ಟಿಗೆ ಹಿಂದೆ ಸರಿಯಬೇಕೆಂಬುದು ಅದರ ಅಭಿಪ್ರಾಯ. ನಿಯಮದಿಂದ ನಿಜವಾಗಿ ಶಿಸ್ತು ಉಳಿಯಿತೇ ಎಂಬುದನ್ನು ರುಜುವಾತುಪಡಿಸುವ ಭಾರ ಶಾಲೆಯ ಮೇಲೆ ಬೀಳಲಿಲ್ಲ.

ಎರಡನೆಯದು ಟೆಕ್ಸಾಸಿನ ಡಲ್ಲಾಸ್ ನಗರದ ವ್ಯಾಜ್ಯ. ೧೯೬೬ರಲ್ಲಿ ಒಂದೇ ವಾದ್ಯಗೋಷ್ಠಿಗೆ ಸೇರಿದ ಮೂವರು ಹುಡುಗರಿಗೆ ಕೂದಲಿನ ಕಾರಣದಿಂದ ಹೈಸ್ಕೂಲಿನ ಪ್ರವೇಶ ದೊರೆಯಲಿಲ್ಲ. ಇಂತಹ ಹುಡುಗರನ್ನು ಇತರರು ಹಂಗಿಸುವರು, ಹಿಡಿದು ಕತ್ತರಿಸುವೆವೆಂದು ಬೆದರಿಸುವರು, ಇದರಿಂದ ಗಲಭೆಯಾಗುವುದು ಎಂದು ಮುಖ್ಯೋಪಾಧ್ಯಾಯರು ಸಾಕ್ಷ್ಯ ಹೇಳಿದರು. ಐದನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು ೧೯೬೮ರಲ್ಲಿ ಈ ಕಾರಣವನ್ನು ಅಂಗೀಕರಿಸಿತು. ನ್ಯಾಯಾಧೀಶ ಎಲ್ಬರ್ಟ್ ಟಟ್ಲ್ ಒಬ್ಬರು ಮಾತ್ರ ಭಿನ್ನಮತವನ್ನು ಬರೆದು, ಒಬ್ಬನ ಹಕ್ಕನ್ನು ಕಂಡು ಇತರರು ಕೆರಳುವರೆಂಬ ಕಾರಣದಿಂದ ಆ ಹಕ್ಕನ್ನೇ ಕಿತ್ತುಕೊಳ್ಳುವುದು ನ್ಯಾಯವಲ್ಲವೆಂದೂ, ಶಿಕ್ಷೆಯಾಗಬೇಕಾದುದು ಕೀಟಲೆ ಮಾಡುವವರಿಗೆಂದೂ ಪ್ರತಿಪಾದಿಸಿದರು. ದಕ್ಷಿಣದ ಶಾಲೆಗಳಲ್ಲಿ ವರ್ಣಭೇದವನ್ನು ಅಳಿಸಲು ಹೆಣಗಿದ ನ್ಯಾಯಾಧೀಶರಲ್ಲಿ ಟಟ್ಲ್ ಅಗ್ರಗಣ್ಯರು. ಕಪ್ಪು ಮಕ್ಕಳು ಬಂದರೆ ಗಲಭೆಯಾಗುವುದೆಂಬ ವಾದವನ್ನು ಅದೇ ಪ್ರಾಂತದಲ್ಲಿ ಅನೇಕ ಸಲ ಕೇಳಿದ್ದವರಿಗೆ ಈ ತರ್ಕದ ಅಪಾಯ ಬೇಗನೆ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

೪

೧೯೬೯ರ ಫೆಬ್ರವರಿ ೨೪ರಂದು ಸರ್ವೋಚ್ಚ ನ್ಯಾಯಾಲಯವು ಟಿಂಕರ್ ಪ್ರಕರಣದ ತೀರ್ಪನ್ನು ಕೊಟ್ಟಿತು. ವಿಯಟ್ನಾಂ ಯುದ್ಧವನ್ನು ಕುರಿತು ಶೋಕ ಸೂಚಿಸಲು ಡೆ ಮಾಯ್ನ್ ನಗರದ ವಿದ್ಯಾರ್ಥಿಗಳು ೧೯೬೫ರಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದು ಅಪರಾಧವಲ್ಲವೆಂದೂ, ಶಾಲೆಯ ಕೆಲಸಕ್ಕೆ ಗಣನೀಯವಾದ ಭಂಗವಾಗುವುದೆಂದು ಶಾಲೆಯೇ ತೋರಿಸಬೇಕೆಂದೂ ಅದು ಸಾರಿತು. ಆದರೆ ತೀರ್ಪನ್ನು ಬರೆದ ನ್ಯಾಯಮೂರ್ತಿ ಫೋರ್ಟಾಸ್, ಉಡುಪಿನ ಬಗೆ, ಲಂಗದ ಉದ್ದ, ಕೇಶವಿನ್ಯಾಸಗಳ ಪ್ರಶ್ನೆ ಇಲ್ಲಿ ಎದ್ದಿಲ್ಲವೆಂದು ಸ್ಪಷ್ಟವಾಗಿ ನಮೂದಿಸಿದರು. ತೋಳಿನ ಪಟ್ಟಿಗೆ ಅರ್ಥವುಂಟು, ಅದು ಮಾತಿಗೆ ಸಮಾನ. ಕೂದಲು ಮಾತೋ ಅಲ್ಲವೋ ಎಂಬುದು ನಿರ್ಣಯವಾಗದೆ ಉಳಿಯಿತು.

ಕೆಳಗಿನ ನ್ಯಾಯಾಲಯಗಳಲ್ಲಿ ಕೆಲವು ಬೇರೊಂದು ದಾರಿಯನ್ನು ಹಿಡಿದುವು. ೧೮೬೮ರ ಹದಿನಾಲ್ಕನೆಯ ತಿದ್ದುಪಡಿಯ ಮೇರೆಗೆ ಯಾವ ಸಂಸ್ಥಾನವೂ ಯುಕ್ತವಾದ ನ್ಯಾಯಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಹರಣ ಮಾಡಕೂಡದು. ತನ್ನ ದೇಹವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ಆ ಸ್ವಾತಂತ್ರ್ಯದಲ್ಲಿ ಅಡಕವಾಗಿಲ್ಲವೇ ಎಂದು ಅವು ವಿಚಾರಿಸಿದುವು. ವಿಸ್ಕಾನ್ಸಿನ್ ಸಂಸ್ಥಾನದ ವಿಲಿಯಮ್ಸ್ ಬೇ ಎಂಬ ಸಣ್ಣ ಊರಿನ ಶಾಲೆಯಲ್ಲಿ ಕೂದಲು ಕೊರಳಪಟ್ಟಿಯ ಕೆಳಕ್ಕೆ ಇಳಿಯಬಾರದು, ಕಿವಿಯನ್ನು ಮುಚ್ಚಬಾರದು, ಹುಬ್ಬಿಗಿಂತ ಮೇಲೆಯೇ ನಿಲ್ಲಬೇಕು ಎಂಬ ನಿಯಮವಿದ್ದಿತು. ಇದನ್ನು ಮೀರಿದ ಇಬ್ಬರನ್ನು ಶಾಲೆಯಿಂದ ಹೊರಹಾಕಿದರು. ಏಳನೆಯ ಮಂಡಲದ ನ್ಯಾಯಾಲಯವು ೧೯೬೯ರ ಡಿಸೆಂಬರಿನಲ್ಲಿ ಆ ನಿಯಮವನ್ನು ರದ್ದುಗೊಳಿಸಿ, ಸಮರ್ಥನೆಯ ಭಾರ ಶಾಲೆಯದೆಂದು ಹೇಳಿತು. ಶಾಲೆಯು ಕೆಲವು ವಿಷಯಗಳಲ್ಲಿ ತಂದೆತಾಯಿಗಳ ಸ್ಥಾನದಲ್ಲಿ ನಿಲ್ಲುವುದು ನಿಜ. ಆದರೆ ತಂದೆತಾಯಿಗಳೇ ಒಪ್ಪಿರುವ ಇಷ್ಟು ಖಾಸಗಿಯಾದ ವಿಷಯದಲ್ಲಿ ಆ ಅಧಿಕಾರವನ್ನು ಅವರೊಂದಿಗೆ ಹಂಚಿಕೊಳ್ಳದೆ ವಿಧಿಯಿಲ್ಲವೆಂಬುದು ಅದರ ಮತ.

೧೯೭೦ರಲ್ಲಿ ಮೊದಲನೆಯ ಮಂಡಲದ ನ್ಯಾಯಾಧೀಶ ಫ್ರಾಂಕ್ ಕಾಫಿನ್ ಮ್ಯಾಸಚೂಸೆಟ್ಸಿನ ಮಾರ್ಲ್‌ಬರೋ ಶಾಲೆಯ ವ್ಯಾಜ್ಯದಲ್ಲಿ ಕೊಟ್ಟ ತೀರ್ಪು ಈ ಪಂಗಡದಲ್ಲಿ ಅತ್ಯಂತ ಸೂಕ್ಷ್ಮವಾದುದು. ಅಲ್ಲಿ ಲಿಖಿತ ನಿಯಮವೇ ಇರಲಿಲ್ಲ. ಮುಖ್ಯೋಪಾಧ್ಯಾಯರ ಅಭಿರುಚಿಯೇ ನಿಯಮವಾಗಿದ್ದಿತು. ಉಡುಪಿಗೂ ಕೂದಲಿಗೂ ಇರುವ ಭೇದವನ್ನು ಕಾಫಿನ್ ಗುರುತಿಸಿದರು. ಶಾಲೆ ಬಿಟ್ಟೊಡನೆ ಸಮವಸ್ತ್ರವನ್ನು ಕಳಚಿಡಬಹುದು. ಬೆಳಿಗ್ಗೆ ಕತ್ತರಿಸಿಕೊಂಡ ಕೂದಲನ್ನು ಸಂಜೆ ಮರಳಿ ಧರಿಸಲಾಗದು. ಆದಕಾರಣ ಕೂದಲಿನ ನಿಯಮವು ಶಾಲೆಯ ಗೇಟಿನಲ್ಲಿ ನಿಲ್ಲದೆ ಹುಡುಗನ ಹಿಂದೆಯೇ ಮನೆಗೂ ಬೀದಿಗೂ ರಜಾದಿನಕ್ಕೂ ಹೋಗುತ್ತದೆ. ಇಷ್ಟು ದೂರ ಕೈಚಾಚುವ ನಿಯಮಕ್ಕೆ ಅದಕ್ಕೆ ತಕ್ಕಷ್ಟು ಬಲವಾದ ಕಾರಣ ಬೇಕು; ಆ ಕಾರಣವನ್ನು ಶಾಲೆ ಕೊಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ವಿವಾದದ ತಿರುಳು ಇಲ್ಲಿಯೇ ಇದೆ.

ಕಾರಣಗಳನ್ನು ಕೇಳಿದಲ್ಲೆಲ್ಲ ಶಾಲೆಗಳು ಕಷ್ಟಕ್ಕೆ ಸಿಕ್ಕಿದುವು. ಮಿಸ್ಸೌರಿಯ ಸೇಂಟ್ ಚಾರ್ಲ್ಸ್ ಶಾಲೆಯವರು ಈಜುಕೊಳದ ಶುಚಿತ್ವವನ್ನು ಮುಂದಿಟ್ಟರು. ಈಜುವಾಗ ಟೊಪ್ಪಿಗೆ ಧರಿಸಿದರಾಯಿತಲ್ಲವೇ ಎಂದು ಎಂಟನೆಯ ಮಂಡಲದ ನ್ಯಾಯಾಲಯ ೧೯೭೧ರಲ್ಲಿ ಉತ್ತರಿಸಿತು. ಉದ್ದಗೂದಲು ಅಪಾಯಕರವಾದುದಾದರೆ ಹುಡುಗಿಯರಿಗೇಕೆ ಆ ಅಪಾಯವಿಲ್ಲ ಎಂಬ ಪ್ರಶ್ನೆಗೆ ಸಮಾಧಾನಕರವಾದ ಉತ್ತರ ಎಲ್ಲಿಯೂ ದೊರೆಯಲಿಲ್ಲ. ಉತ್ತರ ಕ್ಯಾರೊಲಿನಾದ ವ್ಯಾಜ್ಯವೊಂದರಲ್ಲಿ ನಾಲ್ಕನೆಯ ಮಂಡಲದ ನ್ಯಾಯಾಲಯವು ೧೯೭೨ರಲ್ಲಿ ಚರಿತ್ರೆಯನ್ನೇ ಸಾಕ್ಷಿಗೆ ಕರೆಯಿತು: ಯೇಸುವಿನ ಚಿತ್ರಗಳೆಲ್ಲವೂ ಈ ಹುಡುಗರಷ್ಟಾದರೂ ಉದ್ದವಾದ ಕೂದಲನ್ನು ತೋರಿಸುವುವಲ್ಲವೇ ಎಂದು ಅದು ಕೇಳಿತು.

೫

ಎದುರು ಪಕ್ಷವನ್ನು ಹಗುರವಾಗಿ ಕಾಣುವುದು ಚರಿತ್ರಕಾರನಿಗೆ ಸಲ್ಲದು. ಟೆಕ್ಸಾಸಿನ ಎಲ್ ಪಾಸೋ ನಗರದ ವಿದ್ಯಾರ್ಥಿಯೊಬ್ಬನ ವ್ಯಾಜ್ಯವು ೧೯೭೧ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಅವರ ಮುಂದೆ ಬಂದಿತು. ಬ್ಲ್ಯಾಕ್ ವಾಕ್‌ಸ್ವಾತಂತ್ರ್ಯದ ಕಟ್ಟಾ ಸಮರ್ಥಕರು. ಆದರೂ ಹುಡುಗರ ಕೂದಲನ್ನು ಅಳೆಯುವ ಕೆಲಸವನ್ನು ರಾಜ್ಯಾಂಗವು ನ್ಯಾಯಾಲಯಗಳಿಗೆ ಒಪ್ಪಿಸಿದೆಯೆಂದು ಯಾರಾದರೂ ಭಾವಿಸಿರುವುದೇ ಸೋಜಿಗವೆಂಬ ಅರ್ಥದ ಮಾತನ್ನಾಡಿ ಮಧ್ಯೆ ಪ್ರವೇಶಿಸಲು ನಿರಾಕರಿಸಿದರು. ಸ್ಥಳೀಯ ಜನರು ಆರಿಸಿದ ಶಾಲಾಮಂಡಲಿಯ ನಿರ್ಣಯವನ್ನು ದೂರದ ನ್ಯಾಯಾಧೀಶನು ಬದಲಿಸುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದೇ ಎಂಬ ಸಂದೇಹ ನಿರಾಧಾರವಾದುದಲ್ಲ. ಮರುವರ್ಷ ಐದನೆಯ ಮಂಡಲದ ಪೂರ್ಣಪೀಠವು, ಅದರಲ್ಲಿಯೇ ತೀವ್ರ ಭಿನ್ನಮತವಿದ್ದಾಗ್ಯೂ, ಹೈಸ್ಕೂಲುಗಳ ಕೂದಲಿನ ನಿಯಮಗಳೆಲ್ಲವೂ ಸಿಂಧುವೆಂದೇ ಭಾವಿಸತಕ್ಕದ್ದೆಂದು ತೀರ್ಮಾನಿಸಿತು. ಅದೇ ೧೯೭೨ರಲ್ಲಿ ಟೈಲರ್ ಜೂನಿಯರ್ ಕಾಲೇಜಿನ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಕಾಲೇಜಿನ ವಿದ್ಯಾರ್ಥಿಗೆ ಈ ಊಹೆ ಅನ್ವಯಿಸದೆಂದು, ಹೈಸ್ಕೂಲಿನ ಬಾಗಿಲಿಗೂ ಕಾಲೇಜಿನ ಬಾಗಿಲಿಗೂ ನಡುವೆ ಗೆರೆಯೆಳೆಯಿತು.

ಹೀಗೆ ದೇಶವು ಇಬ್ಭಾಗವಾಯಿತು. ಒಂದು, ನಾಲ್ಕು, ಏಳು, ಎಂಟನೆಯ ಮಂಡಲಗಳಲ್ಲಿ ಶಾಲೆಯು ಕಾರಣ ತೋರಿಸಬೇಕು. ಐದು, ಆರು, ಒಂಬತ್ತು, ಹತ್ತನೆಯ ಮಂಡಲಗಳಲ್ಲಿಯೂ, ೧೯೭೫ರಿಂದ ಮೂರನೆಯದರಲ್ಲಿಯೂ, ಅಂತಹ ಹೊಣೆ ಶಾಲೆಗಿಲ್ಲ. ಟೆಕ್ಸಾರ್ಕಾನಾ ಎಂಬ ಜೋಡಿ ಪಟ್ಟಣದ ಮಧ್ಯದಲ್ಲಿ ಸಂಸ್ಥಾನದ ಗಡಿ ಹಾದುಹೋಗುತ್ತದೆ. ಅದರ ಪೂರ್ವಭಾಗ ಅರ್ಕನ್ಸಾಸಿಗೆ, ಎಂದರೆ ಎಂಟನೆಯ ಮಂಡಲಕ್ಕೆ, ಸೇರಿದುದು. ಪಶ್ಚಿಮಭಾಗ ಟೆಕ್ಸಾಸಿಗೆ, ಎಂದರೆ ಐದನೆಯದಕ್ಕೆ. ಬೀದಿಯ ಒಂದು ಬದಿಯ ಹುಡುಗನಿಗೆ ಇದ್ದ ಹಕ್ಕು ಎದುರುಬದಿಯವನಿಗೆ ಇರಲಿಲ್ಲ.

ಈ ಅಸಮತೆಯನ್ನು ನಿವಾರಿಸಬೇಕಾದ ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ವಿಚಾರಣೆಯನ್ನು ನಿರಾಕರಿಸಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪದೇ ಪದೇ ಭಿನ್ನಮತವನ್ನು ದಾಖಲಿಸಿದರು. ಅವುಗಳಲ್ಲಿ ೧೯೭೩ರದು ಸ್ಮರಣೀಯ. ಒಕ್ಲಹೋಮಾದ ಪಾನೀ ಜನಾಂಗದ ಹುಡುಗರು ಹಿರಿಯರಂತೆ ಜಡೆ ಹೆಣೆದುಕೊಂಡು ಬಂದುದಕ್ಕಾಗಿ ಶಾಲೆಯಿಂದ ಹೊರಬಿದ್ದಿದ್ದರು. ಕಾರ್ಲೈಲಿನ ಕತ್ತರಿಯ ನೆನಪುಳ್ಳವರಿಗೆ ಈ ವ್ಯಾಜ್ಯ ಕೇವಲ ಶಿಸ್ತಿನದಾಗಿ ತೋರಲಾರದು. ನ್ಯಾಯಾಲಯವು ಅದನ್ನೂ ಕೈಗೆತ್ತಿಕೊಳ್ಳಲಿಲ್ಲ. ೧೯೭೬ರಲ್ಲಿ ನ್ಯೂಯಾರ್ಕಿನ ಸಫೋಕ್ ಜಿಲ್ಲೆಯ ಪೋಲೀಸರ ಕೂದಲಿನ ನಿಯಮವನ್ನು ಎತ್ತಿಹಿಡಿದಾಗ, ನಿಯಮ ಅಸಂಗತವೆಂದು ತೋರಿಸುವ ಹೊಣೆಯನ್ನು ಪೋಲೀಸಿನವನ ಮೇಲೆಯೇ ಹೊರಿಸಿತು. ವಿದ್ಯಾರ್ಥಿಗಳ ಪ್ರಶ್ನೆ ಮಾತ್ರ ನಿರ್ಣಯವಾಗಲೇ ಇಲ್ಲ.

೬

ಅಷ್ಟರಲ್ಲಿ ಕಾಲವೇ ಬಹುಪಾಲು ವ್ಯಾಜ್ಯಗಳನ್ನು ಬಗೆಹರಿಸಿದ್ದಿತು. ಉಪಾಧ್ಯಾಯರೂ ವಕೀಲರೂ ಕೂದಲನ್ನು ಕಿವಿಯವರೆಗೆ ಬೆಳೆಸಿದಾಗ ಹುಡುಗರ ಕೂದಲಿನಲ್ಲಿ ದ್ರೋಹವನ್ನು ಕಾಣುವವರು ವಿರಳರಾದರು. ಆದರೂ ಹಳೆಯ ಪ್ರಶ್ನೆ ಸಾಯಲಿಲ್ಲ. ೨೦೧೦ರಲ್ಲಿ ಟೆಕ್ಸಾಸಿನ ನೀಡ್‌ವಿಲ್ ಎಂಬಲ್ಲಿ ಮೂಲನಿವಾಸಿ ವಂಶದ ಪುಟ್ಟ ಬಾಲಕನ ಜಡೆಯ ಪರವಾಗಿ ತೀರ್ಪು ಕೊಟ್ಟುದು ಅದೇ ಐದನೆಯ ಮಂಡಲದ ನ್ಯಾಯಾಲಯ. ಕಾರಣವೇನೆಂದರೆ, ಟೆಕ್ಸಾಸಿನ ಧಾರ್ಮಿಕ ಸ್ವಾತಂತ್ರ್ಯದ ಶಾಸನವು ಸಮರ್ಥನೆಯ ಭಾರವನ್ನು ಸರ್ಕಾರದ ಕಡೆಗೆ ವರ್ಗಾಯಿಸಿದ್ದಿತು. ೨೦೧೪ರಲ್ಲಿ ಇಂಡಿಯಾನಾದ ಗ್ರೀನ್ಸ್‌ಬರ್ಗ್ ಶಾಲೆಯು ಬಾಸ್ಕೆಟ್‌ಬಾಲ್ ಆಡುವ ಹುಡುಗರಿಗೆ ಮಾತ್ರ ವಿಧಿಸಿದ್ದ ಕ್ರಾಪಿನ ನಿಯಮವು, ಹುಡುಗಿಯರಿಗೆ ಅದಿಲ್ಲವೆಂಬ ಕಾರಣದಿಂದ, ಏಳನೆಯ ಮಂಡಲದ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ೨೦೧೯ರಲ್ಲಿ ಕ್ಯಾಲಿಫೋರ್ನಿಯವೂ ೨೦೨೩ರಲ್ಲಿ ಟೆಕ್ಸಾಸೂ ಕಪ್ಪು ಜನರ ಕೇಶವಿನ್ಯಾಸವನ್ನು ರಕ್ಷಿಸುವ ಶಾಸನಗಳನ್ನು ಜಾರಿಗೆ ತಂದುವು. ಆದರೆ ಟೆಕ್ಸಾಸಿನ ಶಾಸನವು ವಿನ್ಯಾಸವನ್ನು ಹೇಳಿ ಉದ್ದವನ್ನು ಹೇಳದೆ ಇದ್ದುದರಿಂದ, ೨೦೨೪ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಾಧೀಶರೊಬ್ಬರು ಬಾರ್ಬರ್ಸ್ ಹಿಲ್ ಎಂಬ ಶಾಲಾವಿಭಾಗದ ಉದ್ದದ ನಿಯಮವನ್ನು ಊರ್ಜಿತವೆಂದು ಘೋಷಿಸಿದರು.

ಈ ಅರ್ಧ ಶತಮಾನದ ವೃತ್ತಾಂತದಿಂದ ಶಾಲೆಗೆ ನಿಯಮವೇ ಬೇಡವೆಂಬ ಸಿದ್ಧಾಂತ ಹೊರಡುವುದಿಲ್ಲ. ಲೇತಿನ ಮುಂದೆ ನಿಲ್ಲುವ ಹುಡುಗನು ಕೂದಲನ್ನು ಕಟ್ಟಿಕೊಳ್ಳಬೇಕೆಂಬ ನಿಯಮವನ್ನು ಯಾವ ನ್ಯಾಯಾಲಯವೂ ಅಲ್ಲಗಳೆಯಲಾರದು. ಅದರ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು, ಹುಡುಗನೂ ಅದನ್ನು ಒಪ್ಪುವನು. ಕಾರಣ ಹೇಳಲಾಗದ ನಿಯಮವು ಮಾತ್ರ ಕಾರಣ ಕೇಳುವವನನ್ನು ಅಪರಾಧಿಯನ್ನಾಗಿ ಮಾಡಬೇಕಾಗುತ್ತದೆ. ಆಟಲ್‌ಬರೋ, ಡಲ್ಲಾಸ್, ಎಲ್ ಪಾಸೋಗಳಲ್ಲಿ ಹುಡುಗರಿಗೆ ತಪ್ಪಿಹೋದುದು ತಲೆಗೂದಲಲ್ಲ. ತರಗತಿ, ಪಾಠ, ಪರೀಕ್ಷೆ. ವಿದ್ಯೆಯನ್ನು ಕೊಡುವುದಕ್ಕಾಗಿ ಸ್ಥಾಪಿತವಾದ ಸಂಸ್ಥೆಯು ವಿದ್ಯೆಯ ನಿರಾಕರಣೆಯನ್ನೇ ದಂಡವಾಗಿ ಉಪಯೋಗಿಸುವಾಗ, ಆ ದಂಡಕ್ಕೆ ತಕ್ಕ ಕಾರಣವನ್ನು ತೋರಿಸುವ ಹೊಣೆಯೂ ಅದರದೇ ಎಂದು ಕಾಫಿನ್, ಟಟ್ಲ್ ಮೊದಲಾದವರ ತೀರ್ಪುಗಳಿಂದ ನಾವು ಗ್ರಹಿಸುತ್ತೇವೆ.