ಬರೆದವರು, ಬರೆಯಿಸಿದವರು

ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವಾಗ ಅಧ್ಯಾಪಕರಾದ ನಮ್ಮ ಕಣ್ಣಿಗೆ ಕಾಗುಣಿತದ ತಪ್ಪುಗಳು ಬೇಗನೆ ಬೀಳುತ್ತವೆ. ಆ ಸಾಲುಗಳ ಹಿಂದಿರುವ ಬರಹಗಾರನನ್ನು ಕಾಣುವುದು ಅಪರೂಪ. ಆದುದರಿಂದಲೇ, ಹೊಸಬರಲ್ಲಿ ಬರಹಗಾರರನ್ನು ಗುರುತಿಸಿದ ಪತ್ರಕರ್ತರೊಬ್ಬರ ಚರಿತ್ರೆಯನ್ನು ಇಲ್ಲಿ ಸ್ಮರಿಸಬಯಸುತ್ತೇನೆ.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ೧೯೩೫ರಲ್ಲಿ ಜನಿಸಿದ ಪಿ. ಲಂಕೇಶರು ಮೊದಲು ನಮ್ಮಂತೆಯೇ ಪಾಠ ಹೇಳುವ ವೃತ್ತಿಯವರು. ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡು ಕಥೆ, ಕವನ, ನಾಟಕಗಳನ್ನು ರಚಿಸಿದರು. ‘ಅಕ್ಷರ ಹೊಸ ಕಾವ್ಯ’ವೆಂಬ ಸಂಕಲನದಲ್ಲಿ ಅಂದಿನ ಹೊಸ ಕವಿಗಳನ್ನು ಒಂದೆಡೆ ತಂದರು. ೧೯೭೦ರ ‘ಸಂಸ್ಕಾರ’ ಚಲನಚಿತ್ರದಲ್ಲಿ ನಾರಣಪ್ಪನಾಗಿ ಅಭಿನಯಿಸಿದರು. ತಾವೇ ನಿರ್ದೇಶಿಸಿದ ‘ಪಲ್ಲವಿ’ಗಾಗಿ ೧೯೭೬ರ ಸಾಲಿನ ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು.

ಇಷ್ಟು ಕೀರ್ತಿ ಲಭಿಸಿದ ಮೇಲೆ ಅವರು ಅಧ್ಯಾಪನವನ್ನು ತೊರೆದು ೧೯೮೦ರಲ್ಲಿ ‘ಲಂಕೇಶ್ ಪತ್ರಿಕೆ’ಯೆಂಬ ವಾರಪತ್ರಿಕೆಯನ್ನು ಆರಂಭಿಸಿದರು. ಈ ಪತ್ರಿಕೆಯು ಜಾಹೀರಾತುಗಳನ್ನು ಸ್ವೀಕರಿಸಲಿಲ್ಲ. ಓದುಗರು ಕೊಡುವ ಹಣವೇ ಅದಕ್ಕೆ ಆಧಾರವಾಗಿತ್ತು. ಜಾಹೀರಾತು ಕೊಡುವವರ ಹಂಗಿಲ್ಲದವರಿಗೆ ಅವರನ್ನು ಮೆಚ್ಚಿಸಬೇಕಾದ ಅಗತ್ಯವೂ ಇಲ್ಲವಷ್ಟೆ! ಅಂದಿನ ಮುಖ್ಯಮಂತ್ರಿ ಗುಂಡೂರಾಯರ ಸರಕಾರದ ಲೋಪಗಳನ್ನು ಪತ್ರಿಕೆಯು ವಾರವಾರವೂ ಬಯಲಿಗೆಳೆಯಿತು. ೧೯೮೩ರ ಚುನಾವಣೆಯಲ್ಲಿ ಆ ಸರಕಾರವು ಸೋತಿತು. ಸೋಲಿಗೆ ಕಾರಣಗಳು ಹಲವು. ಆದರೆ ಪ್ರಶ್ನಿಸುವ ಧೈರ್ಯವನ್ನು ಸಾಮಾನ್ಯ ಓದುಗನಲ್ಲಿ ಬೆಳೆಸಿದ ಶ್ರೇಯಸ್ಸಿನಲ್ಲಿ ಈ ಪತ್ರಿಕೆಗೂ ಪಾಲುಂಟು.

‘ಜಾಣಜಾಣೆಯರ ಪತ್ರಿಕೆ’ಯೆಂದು ಅದು ತನ್ನನ್ನು ಕರೆದುಕೊಂಡಿತು. ಈ ಮಾತು ಬರಿಯ ಅಲಂಕಾರವಾಗಿರಲಿಲ್ಲವೆಂಬುದಕ್ಕೆ ಕಾಸರಗೋಡಿನ ಮಗಳೇ ಸಾಕ್ಷಿ. ಚಂದ್ರಗಿರಿ ನದಿಯ ಸೀಮೆಯಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳವನ್ನಾಡಿ, ಶಾಲೆಯಲ್ಲಿ ಕನ್ನಡ ಕಲಿತ ಸಾರಾ ಅಬೂಬಕ್ಕರ್ ಅವರ ಮೊದಲ ಲೇಖನವು ೧೯೮೧ರಲ್ಲಿ ಇದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರು ನಾಲ್ವತ್ತನ್ನು ದಾಟಿದ ಗೃಹಿಣಿ. ಲಂಕೇಶರು ಅವರಿಂದ ಮತ್ತೂ ಬರೆಯಿಸಿದರು. ತಲಾಖಿನ ಕಟ್ಟಳೆಗೆ ಸಿಲುಕಿದ ಹೆಣ್ಣಿನ ದುಃಖವನ್ನು ಚಿತ್ರಿಸುವ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು ಅಲ್ಲಿಯೇ ಧಾರಾವಾಹಿಯಾಗಿ ಹೊರಬಂದಿತು. ಅದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದ ಹಾಸನದ ಬಾನು ಮುಷ್ತಾಕರು ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರರಾದರು.

ಲಂಕೇಶರು ೨೦೦೦ದ ಜನವರಿ ೨೫ರಂದು ತೀರಿಕೊಂಡರು. ಸಾರಾ ಅವರು ೨೦೨೩ರಲ್ಲಿ. ಅವರ ಪತ್ರಿಕೆಯ ತೀಕ್ಷ್ಣವಾದ ಭಾಷೆಯನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಬರಹವನ್ನು ಅಳೆಯುವಾಗ ಬರೆದವರ ಮನೆಮಾತು, ಮತ, ವಯಸ್ಸುಗಳನ್ನು ಅವರು ಅಡ್ಡ ತರಲಿಲ್ಲ. ಗಡಿನಾಡಿನಲ್ಲಿ ಕನ್ನಡವು ಉಳಿಯಬೇಕಾದರೆ ಅದು ಕನ್ನಡ ಮನೆಮಾತಿನವರಿಂದಷ್ಟೇ ಆಗುವ ಕೆಲಸವಲ್ಲ. ಮನೆಯಲ್ಲಿ ಬೇರೆ ನುಡಿಯನ್ನಾಡಿ ನಮ್ಮ ಮುಂದೆ ಬಂದು ಕುಳಿತಿರುವ ಬಾಲಕಿಯೂ ನಾಳಿನ ಲೇಖಕಿಯಾಗಬಹುದು. ಅವಳ ಪುಸ್ತಕದಲ್ಲಿ ಕೆಂಪು ಗೆರೆಯನ್ನು ಎಳೆಯುವ ಮೊದಲು ಒಮ್ಮೆ ಪೂರ್ತಿಯಾಗಿ ಓದೋಣ.